ಬಾಡಿಗೆ ಕಾಟ್, ಗಾಳಿ ಹಾಸಿಗೆ: ಎರಡು ಸಲ ತಂದವನ ಅನುಭವ

ಬೆಳಗಾವಿಯ ಈ ಅಂಗಡಿಯಿಂದ ನಾನು ಎರಡು ಸಲ ರೋಗಿಯ ಕಾಟ್ ಬಾಡಿಗೆಗೆ ತಂದಿದ್ದೇನೆ. 2019ರಲ್ಲಿ ಅವ್ವನಿಗೆ, 74 ದಿನ. ಈ ವರ್ಷ ಅಪ್ಪನಿಗೆ, 5 ತಿಂಗಳು. ಎರಡನೇ ಸಲ ಕಾಟ್ ಜೊತೆಗೆ ಗಾಳಿ ಹಾಸಿಗೆಯನ್ನೂ ತಂದೆ. ಹೋದ ಸೋಮವಾರ ಎಲ್ಲಾ ವಾಪಸ್ ಕೊಟ್ಟು ಡಿಪಾಸಿಟ್ ತಗೊಂಡು ಬಂದೆ. ಬರುವಾಗ ಅಂಗಡಿಯವರು, "ಒಂದ್ ನಾಲ್ಕ್ ಸಾಲು ಬರೀರಿ ಸರ್, ಮಂದಿಗಿ ಉಪಯೋಗ ಆಕ್ಕೇತಿ" ಎಂದರು. ನಾಲ್ಕು ಸಾಲಿಗೆ ಮುಗಿಯುವ ವಿಷಯ ಅಲ್ಲ. ಆ ಕಾಟಿನ ಪಕ್ಕ ಕುಳಿತು ರಾತ್ರಿಯೆಲ್ಲಾ ನಾನು ನೋವಿನ ಬಗ್ಗೆ ದೇವರನ್ನು ಒಂದು ಪ್ರಶ್ನೆ ಕೇಳಿದ್ದೇನೆ. ಅದನ್ನು ಬಿಟ್ಟು ಬರೀ ಕಬ್ಬಿಣ, ರಬ್ಬರಿನ ಬಗ್ಗೆ ಬರೆದರೆ ಅರ್ಧ ಮಾತ್ರ ಬರೆದ ಹಾಗೆ ಆಗುತ್ತದೆ.

ನಾನು ಬೈಲಹೊಂಗಲ ಹತ್ತಿರದ ಹಳ್ಳಿಯವನು. ಸರಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. 22 ವರ್ಷದಿಂದ ಗ್ರೀಸು, ಪಾನಾ, ಬ್ರೇಕು, ಇದೇ ನನ್ನ ಕೆಲಸ. ಯಾವ ಸಾಮಾನು ಕೈಗೆ ಬಂದರೂ ಮೊದಲು ಅದು ಹೇಗೆ ನಡೆಯುತ್ತದೆ ಎಂದು ನೋಡುತ್ತೇನೆ. ಕಾಟ್ ಬಂದಾಗಲೂ ಅಷ್ಟೇ.

ಇದಕ್ಕೆ ಫೌಲರ್ ಕಾಟ್ ಎನ್ನುತ್ತಾರೆ. ಫೌಲರ್ ಎಂಬ ಅಮೆರಿಕದ ಡಾಕ್ಟರ ಹೆಸರು ಅದು. ಕಾಲಿನ ಕಡೆ ಎರಡು ಹ್ಯಾಂಡಲ್ ಇರುತ್ತವೆ. ಒಂದನ್ನು ತಿರುಗಿಸಿದರೆ ಬೆನ್ನು ಮೇಲೆ ಬರುತ್ತದೆ, ಇನ್ನೊಂದನ್ನು ತಿರುಗಿಸಿದರೆ ಮೊಣಕಾಲು. ಒಂದೇ ಹ್ಯಾಂಡಲ್ ಇರುವುದು ಸೆಮಿ ಫೌಲರ್. ಬಾಡಿಗೆ ಕಡಿಮೆ ಅಂತ ಸೆಮಿ ತಗೋಬೇಡಿ. ಮೊಣಕಾಲು ಎತ್ತದೆ ಬರೀ ಬೆನ್ನು ಎತ್ತಿದರೆ ರೋಗಿ ಕೆಳಗೆ ಜಾರುತ್ತಾನೆ. ಜಾರುವಾಗ ಬೆನ್ನಿನ ಚರ್ಮ ಹಾಸಿಗೆಗೆ ಉಜ್ಜುತ್ತದೆ. ಗಾಯ ಶುರುವಾಗುವುದೇ ಅಲ್ಲಿಂದ.

2019ರ ಕಾಟಿನ ಬೆನ್ನಿನ ಹ್ಯಾಂಡಲ್ ಬಿಗಿಯಾಗಿತ್ತು. ಒಳಗಿನ ಸ್ಕ್ರೂ ಒಣಗಿ ಹೋಗಿತ್ತು. ಗ್ರೀಸು ಹಚ್ಚಿದೆ, ಸರಿಹೋಯಿತು. ನನಗೆ ಗೊತ್ತಿತ್ತು, ಮಾಡಿಕೊಂಡೆ. ಗೊತ್ತಿಲ್ಲದವರ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಎರಡೂ ಕೈ ಹಾಕಿ ತಿರುಗಿಸುತ್ತಾ ಕೂರಬೇಕು. ಅಂಗಡಿಯವರು ಕಳಿಸುವ ಮೊದಲೇ ಇದನ್ನು ನೋಡಬೇಕು. ಈ ಸಲ ಹೇಳಿದೆ. ನನ್ನ ಎದುರಿಗೇ ಎಣ್ಣೆ ಬಿಟ್ಟು ತಿರುಗಿಸಿ ತೋರಿಸಿ ಕಳಿಸಿದರು.

ಆ ಕಾಟಿನ ಪಕ್ಕದ ಸರಳಿನ ಮೇಲೆ ಯಾರೋ ಬಣ್ಣ ಕೆರೆದು ಗೀಟು ಹಾಕಿದ್ದರು. ಐದೈದರ ಗುಂಪು ಮಾಡಿದ ಗೀಟುಗಳು. ಅವ್ವ ಮಲಗಿದ್ದಾಗ ಒಂದು ರಾತ್ರಿ ಎಣಿಸಿದೆ. 43 ಇದ್ದವು. ನಲವತ್ತನಾಲ್ಕನೇ ದಿನ ಆ ರೋಗಿ ಎದ್ದು ನಡೆದರೋ, ಏನಾಯಿತೋ. ಬಾಡಿಗೆಯ ಸಾಮಾನು ಎಂದರೆ ಹೀಗೆ. ನಮ್ಮ ಮನೆಗೆ ಬರುವ ಮೊದಲು ಅದು ಎಷ್ಟು ಮನೆಯ ಸಂಕಟ ನೋಡಿರುತ್ತದೆ, ಅಲ್ವಾ?

ಅವ್ವನಿಗೆ ಸ್ತನದ ಕ್ಯಾನ್ಸರ್. ಆಪರೇಷನ್ ಆಗಿ ಎರಡು ವರ್ಷ ಚೆನ್ನಾಗಿದ್ದಳು. ಆಮೇಲೆ ಅದು ಮೂಳೆಗೆ ಇಳಿಯಿತು. ಬೆನ್ನೆಲುಬು, ಸೊಂಟ, ತೊಡೆ. ಮೂಳೆಯ ಕ್ಯಾನ್ಸರ್ ನೋವು ಎಂದರೇನು ಎಂದು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಸೀರೆಯ ನೆರಿಗೆ ಸರಿಮಾಡಲು ಹೋದರೂ ಕೂಗುತ್ತಿದ್ದಳು. "ತಾಳಾಕ ಆಗವಲ್ದೋ ಯಪ್ಪಾ" ಎನ್ನುತ್ತಿದ್ದಳು. ಎಂಟು ಹೆರಿಗೆ ಕಂಡವಳು ಅವಳು. ಕಳೆ ಕೀಳುವಾಗ ಚೇಳು ಕಡಿದರೂ ಸೀರೆಯ ಚುಂಗಿನಿಂದ ಬಿಗಿದು ಸಾಲು ಮುಗಿಸಿ ಎದ್ದವಳು. ಅವಳ ಬಾಯಿಂದ ಆ ಮಾತು ಬರುತ್ತಿತ್ತು.

ನೋಡಲು ಬಂದವರೆಲ್ಲಾ ಒಂದೊಂದು ಕಾರಣ ಹೇಳಿ ಹೋಗುತ್ತಿದ್ದರು. ಕಾಕಾ, "ಹಿಂದಿನ ಜನ್ಮದ್ದು ಏನೋ ಬಾಕಿ ಇತ್ತು, ತೀರಿಸಾಕತ್ತಾಳ" ಎಂದರು. ಹಿರಿಯರು, ಎದುರು ಮಾತಾಡಲಿಲ್ಲ. ಆದರೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ನಮ್ಮ ಓಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ. ಓದಿಕೊಂಡವರು. ಸಂಜೆ ಅವರ ಕಟ್ಟೆಗೆ ಹೋಗಿ, ದೇವರು ಅವ್ವನಿಗೆ ಇಷ್ಟು ನೋವು ಯಾಕೆ ಕೊಟ್ಟ ಎಂದು ಕೇಳಿದೆ. "ಇದು ನಿನ್ನೊಬ್ಬನ ಪ್ರಶ್ನಾ ಅಲ್ಲಪಾ, ಬಾಳ ಹಳೇದು" ಎಂದರು. ವೇದಾಂತದ ಹಳೆಯ ಗ್ರಂಥ ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲೇ ಇದು ಇದೆಯಂತೆ. ಒಬ್ಬನಿಗೆ ಸುಖ, ಒಬ್ಬನಿಗೆ ನರಕ ಕೊಡುವ ದೇವರು ಪಕ್ಷಪಾತಿ ಅಲ್ಲವೇ, ಕ್ರೂರಿ ಅಲ್ಲವೇ ಎಂದು ಅಲ್ಲೇ ಕೇಳಿದ್ದಾರಂತೆ. ಅಲ್ಲ ಎಂಬುದೇ ಉತ್ತರ. ಅವರವರ ಕರ್ಮ ನೋಡಿ ಕೊಡುತ್ತಾನೆ. ಶಂಕರಾಚಾರ್ಯರು ಇದಕ್ಕೆ ಮಳೆಯ ಉದಾಹರಣೆ ಕೊಟ್ಟಿದ್ದಾರೆ. ಮಳೆ ಎಲ್ಲಾ ಹೊಲಕ್ಕೂ ಒಂದೇ. ಬೆಳೆ ಬೇರೆ ಬೇರೆ ಬರುವುದು ಬೀಜದಿಂದ.

ಸಾವಿರ ವರ್ಷದ ಹಿಂದೆಯೇ ದೊಡ್ಡವರು ಈ ಪ್ರಶ್ನೆ ಕೇಳಿದ್ದಾರೆ ಎಂದು ತಿಳಿದು ನನಗೆ ಸಮಾಧಾನ ಆಯಿತು. ಕೇಳುವುದು ಪಾಪ ಅಲ್ಲ ಎಂದಾಯಿತು. ಉತ್ತರ ಮಾತ್ರ ನನಗೆ ಹಿಡಿಸಲಿಲ್ಲ. ಮಾಸ್ತರರಿಗೂ ಅದನ್ನೇ ಹೇಳಿದೆ. ನಮ್ಮ ಡಿಪೋದಲ್ಲಿ ಒಬ್ಬನ ಇನ್‌ಕ್ರಿಮೆಂಟ್ ತಡೆಯಬೇಕಾದರೂ ಮೊದಲು ಚಾರ್ಜ್ ಶೀಟ್ ಕೊಡುತ್ತಾರೆ. ಇಂಥ ದಿನ, ಇಂಥ ಬಸ್ಸು, ಇಂಥ ತಪ್ಪು ಎಂದು ಬರೆದಿರುತ್ತಾರೆ. ಅವನು ಉತ್ತರ ಕೊಡಬಹುದು. ಅವ್ವನಿಗೆ ಯಾವ ತಪ್ಪಿಗೆ ಎಂದು ಯಾರೂ ಹೇಳಲಿಲ್ಲ. ಅವಳಿಗೆ ನೆನಪೇ ಇಲ್ಲದ ಜನ್ಮದ ತಪ್ಪಿಗೆ ಈ ಜನ್ಮದ ಸೊಂಟ ಮುರಿಯುವುದು ಯಾವ ನ್ಯಾಯ? ಮಾಸ್ತರರು ಬಹಳ ಹೊತ್ತು ಸುಮ್ನೆ ಕೂತರು. "ನಮ್ಮ ಮನಿಯಾಕಿ ಹ್ವಾದಾಗ ನಾನೂ ಹಿಂಗ ಕೇಳಿದ್ದೆ" ಎಂದರು. ಆಮೇಲೆ ಚಹಾ ತರಿಸಿದರು.

ಮಠದ ಕಡೆಯಿಂದ ಬಂದ ಹಿರಿಯರೊಬ್ಬರು ದಾಸಿಮಯ್ಯನ ವಚನ ಹೇಳಿದರು. ಚಿನ್ನವನ್ನು ಒರೆಗೆ ಹಚ್ಚುವಂತೆ, ಗಂಧವನ್ನು ತೇಯುವಂತೆ, ಕಬ್ಬನ್ನು ಕತ್ತರಿಸುವಂತೆ ಹರನು ಭಕ್ತರನ್ನು ಪರೀಕ್ಷೆ ಮಾಡುತ್ತಾನೆ, ಬೆದರದೆ ನಿಂತರೆ ಕೈಹಿಡಿದು ಎತ್ತಿಕೊಳ್ಳುತ್ತಾನೆ ಎಂದು ಅದರ ಅರ್ಥ. ಚಿಕ್ಕಂದಿನಿಂದ ಕೇಳಿದ ವಚನ, ನನಗೆ ಬಹಳ ಪ್ರೀತಿಯದು. ಮಗ ಪರೀಕ್ಷೆಯಲ್ಲಿ ಫೇಲಾದಾಗ, ಬೆಳೆ ಹೋದಾಗ ಅದು ನನ್ನನ್ನು ಎತ್ತಿ ನಿಲ್ಲಿಸಿದೆ. ಆದರೆ ಅವ್ವ ಕೊನೆಯ ವಾರಗಳಲ್ಲಿ ನನ್ನ ಗುರುತೂ ಹಿಡಿಯುತ್ತಿರಲಿಲ್ಲ. ನೋವು ಮಾತ್ರ ಗೊತ್ತಾಗುತ್ತಿತ್ತು. ಬೆದರದೆ ನಿಲ್ಲುವುದಕ್ಕೆ ಅಲ್ಲಿ ಯಾರಿದ್ದರು? ಗಂಧದ ಕೊರಡು ಪೂರ್ತಿ ಸವೆದ ಮೇಲೆ ಬರೀ ಕಲ್ಲಿಗೆ ಕಲ್ಲು ತೇದರೆ ಪರಿಮಳ ಎಲ್ಲಿಂದ ಬರಬೇಕು?

ಅವ್ವ ಮಾತ್ರ ದೇವರ ಮೇಲೆ ಸಿಟ್ಟಾಗಲಿಲ್ಲ. ಅವಳು ಯಲ್ಲಮ್ಮನ ಒಕ್ಕಲು. ಮೈಯಲ್ಲಿ ಕಸುವು ಇರುವವರೆಗೂ ವರ್ಷಾ ಭರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋದವಳು. ನಾನು ಒಂದು ದಿನ ದೇವರಿಗೆ ಬೈದೆ. ಅವಳು ನನ್ನ ಕೈ ಹಿಡಿದು, "ಹಂಗನಬ್ಯಾಡ. ಆಕಿಗೂ ತಪ್ಪಲಿಲ್ಲ. ಗಂಡನ ಶಾಪಕ್ಕ ಮೈಯೆಲ್ಲಾ ಕುಷ್ಠ ಆತು. ಹೊಟ್ಟ್ಯಾಗ ಹುಟ್ಟಿದ ಮಗನ ಕೈಯಾಗ ತಲಿ ಹೋತು. ಆಕಿಗಿ ಗೊತ್ತೈತಿ ನೋವಂದ್ರ ಏನು ಅಂತ" ಎಂದಳು. ಗುಡ್ಡ ಹತ್ತುವ ಮೊದಲು ಜನ ಜೋಗುಳಬಾವಿಯಲ್ಲಿ ಸ್ನಾನ ಮಾಡುತ್ತಾರಲ್ಲ, ರೇಣುಕೆಯ ಕುಷ್ಠ ವಾಸಿಯಾಗಿದ್ದು ಅಲ್ಲೇ ಎಂದು ನಂಬಿಕೆ. ಅವ್ವನಿಗೆ ಆ ಕಥೆ ಸಾಕಾಯಿತು. ತನ್ನ ಹಾಗೇ ನರಳಿದ ತಾಯಿ ಒಬ್ಬಳು ಗುಡ್ಡದ ಮೇಲೆ ಕೂತಿದ್ದಾಳೆ ಎಂಬುದು ಅವಳಿಗೆ ಆಸರೆ. ನನಗೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ದೇವಿಯೇ ನೋವು ಉಂಡಳು ಅಂದರೆ ಆ ನೋವು ಮಾಡಿದವರು ಯಾರು?

ಇದನ್ನೆಲ್ಲಾ ಕಾಟಿನ ಬಗ್ಗೆ ಬರೆಯುವಲ್ಲಿ ಯಾಕೆ ಹೇಳುತ್ತೀರಿ ಎಂದು ಕೇಳಬಹುದು. ಅಪ್ಪನ ಗಾಳಿ ಹಾಸಿಗೆಯ ಮಾತು ಬಂದಾಗ ಗೊತ್ತಾಗುತ್ತದೆ.

ಅಪ್ಪನಿಗೆ 71 ವರ್ಷ. ಫೆಬ್ರವರಿಯಲ್ಲಿ ಹುಣಸೆಹಣ್ಣು ಬಡಿಯಲು ಮರ ಹತ್ತಿದ್ದರು. ಆಳು ಸಿಗಲಿಲ್ಲ ಎಂದು ತಾವೇ ಹತ್ತಿದ್ದು. ಟೊಂಗೆ ಮುರಿಯಿತು. ಬೆನ್ನುಹುರಿಗೆ ಪೆಟ್ಟು. ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಬೆಳಗಾವಿಯಲ್ಲಿ ಆಪರೇಷನ್ ಮಾಡಿಸಿ, 19 ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಆಸ್ಪತ್ರೆಯಿಂದ ಸೀದಾ ಈ ಅಂಗಡಿಗೆ ಹೋಗಿ ಕಾಟ್ ತಂದೆ. ಅಂಗಡಿಯವರು "ಗಾಳಿ ಹಾಸಿಗೀನೂ ತಗೊಂಡ್ ಹೋಗ್ರಿ" ಎಂದು ಎರಡು ಸಲ ಹೇಳಿದರು. ಆಮೇಲೆ ನೋಡೋಣ ಎಂದೆ. ಅದು ನನ್ನ ತಪ್ಪು.

ಅಪ್ಪ ಬಹಳ ಒಳ್ಳೆಯ ರೋಗಿ. ನರಳುವುದಿಲ್ಲ, ಕೂಗುವುದಿಲ್ಲ. ಕೇಳಿದರೆ, "ನನಗೇನ್ ತ್ರಾಸ ಇಲ್ಲೋ ತಮ್ಮಾ" ಎನ್ನುತ್ತಿದ್ದರು. ಅವ್ವನನ್ನು ನೋಡಿದ್ದ ನನಗೆ ಇದು ಪುಣ್ಯ ಅನಿಸಿತು. ದೇವರು ಇವರಿಗಾದರೂ ನೋವು ಕೊಡಲಿಲ್ಲ ಎಂದು ಕೈ ಮುಗಿದೆ. ಮನೆಗೆ ಬಂದ ಹನ್ನೊಂದನೇ ದಿನ ನನ್ನ ಹೆಂಡತಿ ಹಾಸಿಗೆ ಬದಲಿಸುವಾಗ ಏನೋ ವಾಸನೆ ಎಂದಳು. ಹೊರಳಿಸಿ ನೋಡಿದರೆ ಬೆನ್ನಿನ ಕೊನೆಯ ಮೂಳೆಯ ಮೇಲೆ ಐದು ರೂಪಾಯಿ ನಾಣ್ಯದಷ್ಟು ಚರ್ಮ ಕಿತ್ತು ಬಂದಿತ್ತು. ಹಿಮ್ಮಡಿಯಲ್ಲಿ ಇನ್ನೊಂದು. ಅಪ್ಪನಿಗೆ ಗೊತ್ತೇ ಇರಲಿಲ್ಲ. ನಾವು ಹೇಳಿದಾಗ, "ಹೌದಾ? ಎಲ್ಲಿ?" ಎಂದು ಕೇಳಿದರು.

ನನಗೆ ತಿಳಿದ ಬುದ್ಧಿ ಓಡಿಸಿದೆ. ಪಂಕ್ಚರ್ ಅಂಗಡಿಯಿಂದ ಹಳೆ ಟ್ಯೂಬು ತಂದು, ರಿಂಗ್ ಮಾಡಿ, ಗಾಯ ಅದರ ತೂತಿನೊಳಗೆ ಬರುವ ಹಾಗೆ ಇಟ್ಟೆ. ಡ್ರೆಸಿಂಗ್ ಮಾಡಲು ಬಂದ ಡಾಕ್ಟರು ಅದನ್ನು ತೆಗೆಸಿದರು. ರಿಂಗಿನ ಅಂಚು ಸುತ್ತಲಿನ ಚರ್ಮವನ್ನು ಒತ್ತಿ ರಕ್ತ ಬರುವುದನ್ನೇ ತಡೆಯುತ್ತದೆ, ಗಾಯ ದೊಡ್ಡದಾಗುತ್ತದೆ ಎಂದರು. ಯಾರಾದರೂ ನಿಮಗೆ ರಿಂಗ್ ಇಡಿ ಎಂದು ಹೇಳಿದರೆ ಕೇಳಬೇಡಿ.

ಆ ಡಾಕ್ಟರು ಹೇಳಿದ ಇನ್ನೊಂದು ಮಾತು ನನ್ನ ತಲೆಯಿಂದ ಹೋಗಿಲ್ಲ. "ನಿಮಗೆ, ನನಗೆ ಯಾಕೆ ಇಂಥ ಹುಣ್ಣು ಆಗುವುದಿಲ್ಲ ಹೇಳಿ? ನಾವು ನಿದ್ದೆಯಲ್ಲೂ ಹೊರಳುತ್ತೇವೆ. ಒಂದೇ ಕಡೆ ಒತ್ತಿದರೆ ಅಲ್ಲಿ ಸಣ್ಣ ನೋವು ಶುರುವಾಗುತ್ತದೆ. ಎಚ್ಚರ ಆಗದೆಯೇ ಮೈ ತಿರುಗುತ್ತದೆ. ನಿಮ್ಮ ತಂದೆಗೆ ಆ ನೋವಿಲ್ಲ. ಹಾಗಾಗಿ ನೀವು ಎರಡೆರಡು ಗಂಟೆಗೆ ತಿರುಗಿಸಬೇಕು" ಎಂದರು. ಕುಷ್ಠರೋಗದಲ್ಲಿ ಬೆರಳು ಹೋಗುವುದೂ ಹೀಗೇ ಅಂತೆ. ರೋಗ ನರವನ್ನು ಕೆಡಿಸುತ್ತದೆ. ಬಿಸಿ ಪಾತ್ರೆ ಹಿಡಿದರೂ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗಾಯದ ಮೇಲೆ ಗಾಯ ಆಗಿ ಬೆರಳು ಸವೆಯುತ್ತದೆ. ಪಾಲ್ ಬ್ರ್ಯಾಂಡ್ ಎಂಬ ಡಾಕ್ಟರು ವೆಲ್ಲೂರಿನಲ್ಲಿ ಕೆಲಸ ಮಾಡುತ್ತಾ ಇದನ್ನು ಜಗತ್ತಿಗೆ ತೋರಿಸಿಕೊಟ್ಟರು.

ಅಕ್ಕನ ಮಗಳು ನರ್ಸಿಂಗ್ ಓದುತ್ತಾಳೆ. ಅವಳು ಇನ್ನೊಂದು ಹೇಳಿದಳು. ಉತ್ತರ ಪಾಕಿಸ್ತಾನದಲ್ಲಿ ಒಬ್ಬ ಹುಡುಗ ಇದ್ದ. ಹುಟ್ಟಿನಿಂದಲೇ ಅವನಿಗೆ ನೋವು ಗೊತ್ತಿಲ್ಲ. ಬೀದಿಯಲ್ಲಿ ಕೈಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ದುಡ್ಡು ಗಳಿಸುತ್ತಿದ್ದ. 14 ತುಂಬುವ ಮೊದಲೇ ಮನೆಯ ಮಾಳಿಗೆಯಿಂದ ಹಾರಿ ಸತ್ತ. ವಿಜ್ಞಾನಿಗಳು ಅದೇ ತೊಂದರೆ ಇರುವ ಅಲ್ಲಿನ ಬೇರೆ ಮಕ್ಕಳನ್ನು ಪರೀಕ್ಷೆ ಮಾಡಿ, ಯಾವ ಜೀನ್ ಕೆಟ್ಟಿದೆ ಎಂದು 2006ರಲ್ಲಿ ಪ್ರಕಟಿಸಿದರು.

ಅವತ್ತು ರಾತ್ರಿ ನನಗೆ ಅರ್ಧ ಉತ್ತರ ಸಿಕ್ಕ ಹಾಗಾಯಿತು. ನೋವು ಶಿಕ್ಷೆಯಲ್ಲ, ಕಾವಲುಗಾರ. ಬಸ್ಸಿನಲ್ಲಿ ಬ್ರೇಕಿನ ಗಾಳಿ ಕಡಿಮೆಯಾದರೆ ಬಜರ್ ಕೂಗುತ್ತದೆ. ಕಿವಿಗೆ ಹಿಂಸೆ ಆಗುತ್ತದೆ, ಆದರೆ 50 ಜನರ ಜೀವ ಉಳಿಸುವುದು ಅದೇ. ಬಜರಿನ ವೈರು ಕಿತ್ತ ಬಸ್ಸನ್ನು ನಾನು ಡಿಪೋದಿಂದ ಹೊರಗೆ ಬಿಡುವುದಿಲ್ಲ. ದೇವರೂ ಬಿಡಲಿಲ್ಲ. ಮಣ್ಣಿನ ಮೈ ಕೊಟ್ಟ ಮೇಲೆ ಎಚ್ಚರಿಕೆಯನ್ನೂ ಕೊಡಬೇಕಲ್ಲ. ಅಷ್ಟರ ಮಟ್ಟಿಗೆ ಅವನ ಕೆಲಸ ನನಗೆ ಅರ್ಥ ಆಯಿತು. ಮನಸಾರೆ ಕೈ ಮುಗಿದೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಗಾಳಿ ಹಾಸಿಗೆ ಹಾಕಿ ಕಳಿಸಿದರು. ಇದಕ್ಕೆ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಹಣ ಆಮೇಲೆ ಕೊಡಿ ಎಂದರು.

ಗಾಳಿ ಹಾಸಿಗೆಯಲ್ಲಿ ಎರಡು ತರಹ. ಗುಳ್ಳೆ ಗುಳ್ಳೆ ಇರುವುದು ಒಂದು, ಉದ್ದ ಟ್ಯೂಬುಗಳನ್ನು ಜೋಡಿಸಿದ್ದು ಇನ್ನೊಂದು. ನಮಗೆ ಕೊಟ್ಟಿದ್ದು ಟ್ಯೂಬಿನದು. ಒಂದು ಬಿಟ್ಟು ಒಂದು ಟ್ಯೂಬಿಗೆ ಗಾಳಿ ತುಂಬುತ್ತದೆ. ಸುಮಾರು 10 ನಿಮಿಷ ಆದ ಮೇಲೆ ಅವು ಇಳಿದು, ಪಕ್ಕದವು ತುಂಬುತ್ತವೆ. ಹೀಗಾಗಿ ಬೆನ್ನಿನ ಒಂದೇ ಜಾಗದ ಮೇಲೆ ಒತ್ತಡ ನಿಲ್ಲುವುದಿಲ್ಲ. ನಮ್ಮ ಮೈ ನಿದ್ದೆಯಲ್ಲಿ ಮಾಡುವ ಕೆಲಸವನ್ನು ಇದು ಪಂಪಿನಿಂದ ಮಾಡುತ್ತದೆ. ಪೂರ್ತಿ ಅಲ್ಲ, ಅರ್ಧ. ಗಾಳಿ ಹಾಸಿಗೆ ಇದೆ ಎಂದು ಹೊರಳಿಸುವುದನ್ನು ಬಿಡಬಾರದು. ನಾವು ರಾತ್ರಿ 10, 12, 2, 4 ಎಂದು ಅಲಾರಾಂ ಇಟ್ಟುಕೊಂಡಿದ್ದೆವು. ನಾನು, ಹೆಂಡತಿ, ಮಗ ಪಾಳಿ ಹಾಕಿಕೊಂಡೆವು.

ನಮ್ಮ ಕಡೆಯವರು ಮಾಡುವ ಒಂದು ದೊಡ್ಡ ತಪ್ಪು ಹೇಳುತ್ತೇನೆ. ಪ್ಲಾಸ್ಟಿಕ್ಕು ಚುಚ್ಚೀತು, ಥಂಡಿ ಆದೀತು ಎಂದು ಗಾಳಿ ಹಾಸಿಗೆಯ ಮೇಲೆ ದಪ್ಪ ಕೌದಿ ಹಾಸುತ್ತಾರೆ. ನಮ್ಮ ಅಕ್ಕನೂ ಪ್ರೀತಿಯಿಂದ ತಾನೇ ಹೊಲಿದ ಕೌದಿ ತಂದು ಹಾಸಿದ್ದಳು. ಹಾಗೆ ಹಾಸಿದರೆ ಹಾಸಿಗೆ ತಂದೂ ಉಪಯೋಗ ಇಲ್ಲ. ಒಂದೇ ಒಂದು ತೆಳು ಹತ್ತಿ ಚಾದರ ಸಾಕು, ಅದರಲ್ಲಿ ನೆರಿಗೆ ಇರಬಾರದು. ಕೌದಿಯನ್ನು ಮೇಲೆ ಹೊದಿಸಿ.

ಗಾಳಿ ಎಷ್ಟಿರಬೇಕು ಎಂಬುದಕ್ಕೆ ಪಂಪಿನ ಮೇಲೆ ತೂಕದ ನಾಬ್ ಇದೆ. ರೋಗಿಯ ತೂಕಕ್ಕೆ ತಿರುಗಿಸಿ ಇಡಿ. ಆಮೇಲೆ ಸೊಂಟದ ಕೆಳಗೆ, ಗಾಳಿ ಹಾಸಿಗೆಗೂ ಕೆಳಗೆ, ಕೈ ತೂರಿಸಿ ನೋಡಿ. ಮೂಳೆ ಕೈಗೆ ತಾಗಿದರೆ ಗಾಳಿ ಕಡಿಮೆ. ಮಧ್ಯೆ ಒಂದು ಇಂಚು ಗಾಳಿ ಇರಬೇಕು. ಇದನ್ನು ಅಂಗಡಿಯ ಹುಡುಗ ಹೇಳಲಿಲ್ಲ, ಡಾಕ್ಟರು ಹೇಳಿದರು. ಅಂಗಡಿಯವರು ಇದನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಪಂಪಿಗೆ ಅಂಟಿಸಬೇಕು. ಜೊತೆಗೆ ಬಂದ ಕಾಗದ ಬರೀ ಇಂಗ್ಲಿಷಿನಲ್ಲಿತ್ತು. ಮಕ್ಕಳು ಬೆಂಗಳೂರಿನಲ್ಲಿದ್ದು, ಮುದುಕ ಮುದುಕಿ ಇಬ್ಬರೇ ಇರುವ ಮನೆಯಲ್ಲಿ ಅದನ್ನು ಯಾರು ಓದುತ್ತಾರೆ?

ಈಗ ಆ ರಾತ್ರಿಯ ಮಾತು. ಗಾಳಿ ಹಾಸಿಗೆ ಬಂದು ಒಂದು ವಾರ ಆಗಿರಬೇಕು. ಎರಡು ಗಂಟೆಗೆ ಅಪ್ಪನನ್ನು ಎಡಮಗ್ಗುಲಿಗೆ ತಿರುಗಿಸಿ ಮಲಗಿದ್ದೆ. ಸ್ವಲ್ಪ ಹೊತ್ತಿಗೆ ಪಂಪು ಬೀಪ್ ಬೀಪ್ ಎನ್ನತೊಡಗಿತು. ಕೆಂಪು ದೀಪ. ಗಾಳಿ ಕಡಿಮೆ ಎಂದು ಅರ್ಥ. ಟಾರ್ಚ್ ಹಿಡಿದು ನೋಡಿದೆ. ಹೊರಳಿಸುವಾಗ ಕಾಟಿನ ಸರಳಿಗೆ ಸಿಕ್ಕಿ ಪೈಪು ಸಡಿಲಾಗಿತ್ತು. ತಳ್ಳಿ ಕೂಡಿಸಿದೆ. ಗಾಳಿ ತುಂಬಲು ಸಮಯ ಹಿಡಿಯುತ್ತದೆ, ಅಲ್ಲಿಯವರೆಗೂ ಬೀಪ್ ಕೂಗುತ್ತಲೇ ಇತ್ತು. ಅಪ್ಪನಿಗೆ ಎಚ್ಚರವಾಯಿತು. ಪಂಪಿನ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಕಂಡಿತು. ಗಂಟೆಯ ಚಿತ್ರ, ಅದರ ಮೇಲೆ ಅಡ್ಡಗೆರೆ. ಒತ್ತಿದೆ. ಶಬ್ದ ನಿಂತಿತು. ಕೆಂಪು ದೀಪ ಹಾಗೇ ಉರಿಯುತ್ತಿತ್ತು. ಹತ್ತು ಹದಿನೈದು ನಿಮಿಷಕ್ಕೆ ಅದೂ ಹಸಿರಾಯಿತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಅವ್ವನ ನೆನಪು ಬಂತು.

ಯಾವುದೋ ಕಾರ್ಖಾನೆಯಲ್ಲಿ ಕೂತು ಈ ಪಂಪು ಮಾಡಿದವನಿಗೆ ಒಂದು ವಿಚಾರ ಹೊಳೆದಿದೆ. ಎಚ್ಚರಿಕೆ ಕೊಡಬೇಕು. ಮನೆಯವರು ಎದ್ದು ಬಂದು, ನೋಡಿ, ಮಾಡಬೇಕಾದ್ದು ಮಾಡಿದ ಮೇಲೆ ಅದು ಸುಮ್ಮನಾಗಬೇಕು. ಅದಕ್ಕೆ ಒಂದು ಗುಂಡಿ ಇಟ್ಟಿದ್ದಾನೆ. ಅವ್ವನ ಮೈಯಲ್ಲಿ ಆ ಗುಂಡಿ ಎಲ್ಲಿತ್ತು? ಅವಳ ನೋವು ನಮಗೆ ಏನು ಹೇಳಬೇಕಿತ್ತೋ ಅದನ್ನು ಮೊದಲ ದಿನವೇ ಹೇಳಿತ್ತು. ನಾವು ಕೇಳಿಸಿಕೊಂಡಿದ್ದೆವು. ಆಪರೇಷನ್, ಔಷಧ, ಕರೆಂಟು (ರೇಡಿಯೇಷನ್) ಕೊಡಿಸುವುದು, ಎಲ್ಲಾ ಆಗಿತ್ತು. ಡಾಕ್ಟರು ಇನ್ನು ಮನೆಯಲ್ಲಿ ಇಟ್ಟುಕೊಳ್ಳಿ ಎಂದಿದ್ದರು. ಮಾಡಲು ಇನ್ನೇನೂ ಉಳಿದಿರಲಿಲ್ಲ. ಆದರೂ ಅದು ಹಗಲೂ ರಾತ್ರಿ ಕೂಗುತ್ತಲೇ ಇತ್ತು. ಅಪ್ಪನ ಹುಣ್ಣು ನೋಡಿ ನಾನು ಮೆಚ್ಚಿದ ಕಾವಲುಗಾರನೇ ಅಲ್ಲಿ ಮನೆಯವರನ್ನು ಹೊಡೆಯುತ್ತಾ ನಿಂತಿದ್ದ.

ಆ ರಾತ್ರಿ ನಾನು ದೇವರಿಗೆ ಇದನ್ನೇ ಕೇಳಿದೆ. ನೋವು ಯಾಕೆ ಇಟ್ಟೆ ಎಂದು ಕೇಳಲಿಲ್ಲ. ಅದು ಅರ್ಥವಾಗಿತ್ತು. ಆರಿಸುವ ಗುಂಡಿ ಯಾಕೆ ಇಡಲಿಲ್ಲ ಎಂದು ಕೇಳಿದೆ. ಈಗಲೂ ಕೇಳುತ್ತಿದ್ದೇನೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಗುಂಡಿ ಇತ್ತು, ಮೈಯ ಹೊರಗೆ ಇತ್ತು. ಅವ್ವನಿಗೆ ಕೊನೆಗೆ ಸಿಕ್ಕಿದ್ದು ಮಾರ್ಫಿನ್ ಮಾತ್ರೆ. ಅದು ಬರುವುದು ಗಸಗಸೆ ಗಿಡದ ಕಾಯಿಯ ಹಾಲಿನಿಂದ. ದೀಪಾವಳಿಗೆ ಕರ್ಚಿಕಾಯಿ ಹೂರಣಕ್ಕೆ ಅವ್ವ ಹಾಕುತ್ತಿದ್ದಳಲ್ಲ, ಅದೇ ಗಸಗಸೆಯ ಗಿಡ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರಕಾರದ ಲೈಸೆನ್ಸಿನ ಮೇಲೆ ಬೆಳೆಯುತ್ತಾರೆ. ಜರ್ಮನಿಯ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಸೆರ್ಟುರ್ನರ್ ಎಂಬ ಹುಡುಗ 1800ರ ಆಸುಪಾಸಿನಲ್ಲಿ ಅದರಿಂದ ಮಾರ್ಫಿನ್ ಬೇರೆ ಮಾಡಿದ. ಕ್ಯಾನ್ಸರ್ ನೋವಿಗೆ ಅದನ್ನು ಬಾಯಿಯಿಂದ, ಗಡಿಯಾರ ನೋಡಿ, ಸರಿಯಾದ ಹೊತ್ತಿಗೆ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಆದರೆ ನಮ್ಮಲ್ಲಿ ಅದರ ಹಿಂದಿನ ವರ್ಷವೇ, 1985ರಲ್ಲಿ, ಮಾದಕ ವಸ್ತುಗಳ ಕಾಯ್ದೆ ಬಂದಿತ್ತು. ನಶೆ ಮಾಡುವವರನ್ನು ತಡೆಯಲು ಮಾಡಿದ ಕಾಯ್ದೆ. ಅದರ ಲೈಸೆನ್ಸು, ಶಿಕ್ಷೆಯ ಭಯಕ್ಕೆ ಆಸ್ಪತ್ರೆಗಳೇ ಮಾರ್ಫಿನ್ ಇಡುವುದನ್ನು ಬಿಟ್ಟವು. ಗಿಡ ನಮ್ಮ ದೇಶದಲ್ಲೇ ಬೆಳೆಯುತ್ತದೆ, ನಮ್ಮ ರೋಗಿಗಳಿಗೇ ಸಿಗುತ್ತಿರಲಿಲ್ಲ. 2014ರಲ್ಲಿ ತಿದ್ದುಪಡಿ ಮಾಡಿ ಸಡಿಲ ಮಾಡಿದರು.

ಕಾಗದದ ಮೇಲೆ ಸಡಿಲವಾಗಿ ಐದು ವರ್ಷ ಆದ ಮೇಲೂ ನಾನು ಆ ಮಾತ್ರೆಗಾಗಿ ಮೂರು ವಾರ ಅಲೆದೆ. ಒಂದು ಕಡೆ ಸ್ಟಾಕ್ ಇಲ್ಲ ಎಂದರು. ಇನ್ನೊಂದು ಕಡೆ, "ಚಟ ಹಿಡಿಯುತ್ತದೆ" ಎಂದು ಕೊಡಲಿಲ್ಲ. ಎರಡು ತಿಂಗಳು ಬದುಕುವ ಮುದುಕಿಗೆ ಚಟ ಹಿಡಿದರೆ ಏನಾಗುತ್ತದೆ? ಬೆಳಗಾವಿಯ ಒಬ್ಬ ಡಾಕ್ಟರಮ್ಮ ಕೊನೆಗೆ ಬರೆದುಕೊಟ್ಟರು. 10 ಮಿಲಿಗ್ರಾಂ ಮಾತ್ರೆ, ನಾಲ್ಕು ತಾಸಿಗೊಮ್ಮೆ. ಮಲಬದ್ಧತೆ ಆಗುತ್ತದೆ ಎಂದು ಅದಕ್ಕೂ ಔಷಧ ಕೊಟ್ಟರು. ಎರಡನೇ ರಾತ್ರಿ ಅವ್ವ ನಿದ್ದೆ ಮಾಡಿದಳು. ಬಾಯಿ ಸ್ವಲ್ಪ ತೆರೆದು, ಗೊರಕೆ ಹೊಡೆಯುತ್ತಾ. ನಾವೆಲ್ಲಾ ಕಾಟಿನ ಸುತ್ತ ನಿಂತು ಆ ಗೊರಕೆ ಕೇಳಿದೆವು. ಅಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಅತ್ತರು.

ಹಾಗಾಗಿ ಆ ಮೂರು ವಾರದ ನೋವನ್ನು ನಾನು ದೇವರ ಲೆಕ್ಕಕ್ಕೆ ಬರೆಯುವುದಿಲ್ಲ. ಅದು ಮನುಷ್ಯರದ್ದು. ನಮ್ಮದು. ಆದರೆ ಸೆರ್ಟುರ್ನರ್ ಹುಟ್ಟುವ ಮೊದಲು, ಆ ಗಿಡ ಬೆಳೆಯದ ನಾಡುಗಳಲ್ಲಿ, ಹೀಗೇ ನರಳಿ ಸತ್ತ ತಾಯಂದಿರು ಎಷ್ಟೋ ಇದ್ದಾರಲ್ಲ? ಅದು ಯಾರ ಲೆಕ್ಕ? ಇದಕ್ಕೆ ಯಾರಾದರೂ ಸುಲಭದ ಕಾರಣ ಹೇಳಿದರೆ ನನಗೆ ಈಗ ಸಿಟ್ಟು ಬರುತ್ತದೆ. ನಾನು ನಂಬಿಕೆ ಬಿಟ್ಟಿಲ್ಲ. ಈ ವರ್ಷವೂ ಅವ್ವನ ಹೆಸರಿನಲ್ಲಿ ಗುಡ್ಡಕ್ಕೆ ಹೋಗಿ ಪಡ್ಡಲಗಿ (ದೇವಿಯ ಎಡೆಯ ಬುಟ್ಟಿ) ತುಂಬಿಸಿ ಬಂದೆ. ಜೋಗುಳಬಾವಿಯ ನೀರು ತಲೆಯ ಮೇಲೆ ಹಾಕಿಕೊಳ್ಳುವಾಗಲೂ ಅದೇ ಪ್ರಶ್ನೆ ಕೇಳಿದೆ. ಅವಳಿಗೆ ಗೊತ್ತು ಎಂದಿದ್ದಳು ಅವ್ವ. ಗೊತ್ತಿರುವವರನ್ನೇ ಕೇಳಬೇಕಲ್ಲ.

ಬಾಡಿಗೆಯ ಲೆಕ್ಕ ಹೀಗಿದೆ. ಕಾಟಿಗೆ 2019ರಲ್ಲಿ ತಿಂಗಳಿಗೆ 1,800 ರೂಪಾಯಿ ಇತ್ತು, ಈಗ 2,400. ಗಾಳಿ ಹಾಸಿಗೆ ಪಂಪಿನ ಸಮೇತ 1,000. ಡಿಪಾಸಿಟ್ 5,000, ಪೂರ್ತಿ ವಾಪಸ್ ಕೊಟ್ಟರು. ಬೆಳಗಾವಿಯಿಂದ ನಮ್ಮ ಊರಿಗೆ ಟಾಟಾ ಏಸ್ ಬಾಡಿಗೆ ನಮ್ಮದೇ. ನಾಲ್ಕು ತಿಂಗಳಿಗಿಂತ ಜಾಸ್ತಿ ಬೇಕಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಗಾಳಿ ಹಾಸಿಗೆ ಕೊಳ್ಳುವುದೇ ಒಳ್ಳೆಯದು. ಕಾಟ್ ಮಾತ್ರ ಬಾಡಿಗೆಗೇ ತನ್ನಿ. ಕೊಂಡರೆ ಆಮೇಲೆ ಅದನ್ನು ಮನೆಯಲ್ಲಿ ನೋಡುತ್ತಾ ಇರಬೇಕಾಗುತ್ತದೆ.

ತಕರಾರು ಎರಡು. ಕಾಟಿನ ನಾಲ್ಕು ಗಾಲಿಗಳಲ್ಲಿ ಒಂದರ ಲಾಕ್ ಹಿಡಿಯುತ್ತಿರಲಿಲ್ಲ. ಹೇಳಿದ ಮೇಲೆ ಬದಲಿಸಲು ಒಂಬತ್ತು ದಿನ ತಗೊಂಡರು. ಅಲ್ಲಿಯವರೆಗೆ ಗಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದೆ. ಇನ್ನೊಂದು, ಕರೆಂಟ್ ಹೋದಾಗ ಏನು ಮಾಡಬೇಕು ಎಂದು ಅವರು ಹೇಳುವುದಿಲ್ಲ. ಹಳ್ಳಿಯಲ್ಲಿ ಕರೆಂಟ್ ಹೋಗುವುದು ಗೊತ್ತೇ ಇದೆ. ಹೋದ ತಕ್ಷಣ ಪಂಪಿನಿಂದ ಎರಡೂ ಪೈಪು ಬಿಚ್ಚಿ, ಬಾಯಿ ಮಡಚಿ, ಬಟ್ಟೆಗೆ ಹಾಕುವ ಕ್ಲಿಪ್ ಹಾಕಿ. ಗಾಳಿ ಸಾಕಷ್ಟು ಹೊತ್ತು ನಿಲ್ಲುತ್ತದೆ. ಕರೆಂಟ್ ಬಂದ ಮೇಲೆ ಜೋಡಿಸಿ. ಒಂದು ಇನ್ವರ್ಟರ್ ಇದ್ದರೆ ಈ ಚಿಂತೆ ಇಲ್ಲ, ಪಂಪು ಬಹಳ ಕರೆಂಟ್ ತಿನ್ನುವುದಿಲ್ಲ.

ಅಪ್ಪನ ಗಾಯ ಮಾಯಲು ಏಳು ವಾರ ಬೇಕಾಯಿತು. ಡ್ರೆಸಿಂಗು, ಹೊರಳಿಸುವುದು, ದಿನಾ ಎರಡು ಮೊಟ್ಟೆ, ಹೆಸರುಕಾಳು, ಶೇಂಗಾ. ಈಗ ಗಾಲಿಕುರ್ಚಿಯಲ್ಲಿ ಕೂರುತ್ತಾರೆ. ಅರ್ಧ ಗಂಟೆಗೊಮ್ಮೆ ಎರಡೂ ಕೈ ಊರಿ ಮೈ ಎತ್ತುತ್ತಾರೆ, ಡಾಕ್ಟರು ಕಲಿಸಿದ ಹಾಗೆ. ಮೊನ್ನೆ ಕಾಟ್ ಗಾಡಿಗೆ ಏರಿಸುವಾಗ ಕಟ್ಟೆಯ ಮೇಲಿಂದ, "ಹುಷಾರ್ರೋ, ಪೈಪ್ ಸಿಕ್ಕೀತು" ಎಂದು ಕೂಗುತ್ತಿದ್ದರು.

ಅಂಗಡಿಗೆ ಹೋದಾಗ ಒಬ್ಬ ಹುಡುಗ ಕಾಯುತ್ತಿದ್ದ. 25 ವರ್ಷ ಇರಬಹುದು. ಹುಕ್ಕೇರಿ ಕಡೆಯವನು. ತಾಯಿಗೆ ಎಂದ. ಏನಾಗಿದೆ ಎಂದು ನಾನು ಕೇಳಲಿಲ್ಲ. ಅಂಗಡಿಯವರು ನಮ್ಮ ಹಾಸಿಗೆಯನ್ನು ತೊಳೆದು ಬಿಸಿಲಿಗೆ ಹಾಕಲು ಒಳಗೆ ಒಯ್ದರು. ಅವನಿಗೆ ಬೇರೆ ತೆಗೆದಿಟ್ಟಿದ್ದರು. ಪಂಪು ಮಾತ್ರ ನಮ್ಮದೇ ಮಾದರಿ. ನಾನು ಅವನನ್ನು ಕೂರಿಸಿಕೊಂಡು, ಪ್ಲಗ್ ಹಾಕಿಸಿ, ಎಲ್ಲಾ ತೋರಿಸಿದೆ. ತೂಕದ ನಾಬ್, ಪೈಪು, ಕೈ ತೂರಿಸಿ ನೋಡುವುದು, ಕೌದಿ ಹಾಸಬಾರದು ಎಂಬುದು. ಮಾರ್ಫಿನ್ ಎಲ್ಲಿ ಸಿಗುತ್ತದೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಬೇಕಾದರೆ ಇರಲಿ ಎಂದು. ಅವನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

ಈ ಪಂಪು ತರುವವರಿಗೆಲ್ಲಾ ಒಂದು ಮಾತು. ಪಂಪಿನ ಬಲಗಡೆ ಕೆಳಗೆ ಗಂಟೆಯ ಚಿತ್ರ ಇರುವ ಸಣ್ಣ ಗುಂಡಿ ಇದೆ. ರಾತ್ರಿ ಬೀಪ್ ಬಂದರೆ ಗಾಬರಿಯಾಗಬೇಡಿ. ಮೊದಲು ಪೈಪು ನೋಡಿ, ಬಿಟ್ಟಿದ್ದರೆ ಕೂಡಿಸಿ. ಆಮೇಲೆ ಗುಂಡಿ ಒತ್ತಿ. ಮಲಗಿದವರಿಗೆ ನಿದ್ದೆ ಕೆಡಬಾರದು.